ದನ ಮೇಯುವ ಕಡೆ ನಾಯಿ ಜೊತೆ ನಡೆಯುವವರಿಗೆ

ಗೋಮಾಳದಲ್ಲಿ ಮೇಯುತ್ತಿರುವ ಹಸುವಿನ ಪಕ್ಕ ನೀವೊಬ್ಬರೇ ನಡೆದು ಹೋದರೆ ಅದು ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತದೆ. ಅದೇ ಹಸುವಿನ ಮುಂದೆ ನಾಯಿ ಹಿಡಿದುಕೊಂಡು ಹೋಗಿ. ಮೇಯುವುದು ನಿಲ್ಲುತ್ತದೆ, ಎರಡೂ ಕಿವಿ ಮುಂದಕ್ಕೆ ಬರುತ್ತವೆ, ಇಡೀ ಮೈ ನಾಯಿಯ ಕಡೆ ತಿರುಗುತ್ತದೆ. ದನದ ಕಣ್ಣಿಗೆ ನಾಯಿ ತೋಳದ ಜಾತಿ, ಕರುವಿನ ಮೇಲೆ ಬೀಳುವ ಪ್ರಾಣಿ. ಮುಂದಿನದು ಹೆಚ್ಚುಕಮ್ಮಿ ಎಲ್ಲ ಕಡೆಯೂ ಒಂದೇ ಥರ ನಡೆಯುತ್ತದೆ: ಹಸು ನಾಯಿಯನ್ನು ಅಟ್ಟುತ್ತದೆ, ಹೆದರಿದ ನಾಯಿ ಯಜಮಾನರ ಕಾಲ ಸಂದಿಗೆ ಓಡಿ ಬರುತ್ತದೆ, ಏಟು ಮಧ್ಯದಲ್ಲಿ ನಿಂತವರಿಗೆ ಬೀಳುತ್ತದೆ.

ರಜೆ ಬಂತೆಂದರೆ ಬೆಂಗಳೂರಿನಿಂದ ಊರಿಗೆ, ತೋಟಕ್ಕೆ, ಮಲೆನಾಡಿನ ಹೋಂಸ್ಟೇಗೆ ನಾಯಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗುವವರು ಈಗ ಬಹಳ. ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಲ್ಯಾಬ್ರಡಾರ್‌ಗೆ ದನ ಗೊತ್ತಿಲ್ಲ, ಊರ ದನಕ್ಕೆ ಆ ಲ್ಯಾಬ್ರಡಾರ್ ಗೊತ್ತಿಲ್ಲ. 'ನಮ್ಮ ಗೌರಿ ಏನೂ ಮಾಡಲ್ಲ, ನಮ್ಮನೆ ನಾಯಿ ಅದರ ಪಕ್ಕದಲ್ಲೇ ಮಲಗುತ್ತೆ' ಎಂದು ಮನೆಯವರು ಹೇಳುವುದು ಸುಳ್ಳಲ್ಲ. ಆದರೆ ಆ ನಂಬಿಕೆ ಆ ಮನೆಯ ನಾಯಿಯ ಮಟ್ಟಿಗೆ ಮಾತ್ರ. ಹೊರಗಿನ ನಾಯಿಗೆ ಗೌರಿ ಬೇರೆಯೇ ಹಸು.

ಲೀಶ್: ಉದ್ದ, ಹಿಡಿತ, ಬಿಡುವುದು

ಲೀಶ್ ಒಂದೂವರೆಯಿಂದ ಎರಡು ಮೀಟರ್ ಇರಲಿ, ಅದಕ್ಕಿಂತ ಉದ್ದ ಬೇಡ. ಎರಡು ಸೆಂಟಿಮೀಟರ್ ಅಗಲದ ನೈಲಾನ್ ಅಥವಾ ಹತ್ತಿಯ ಪಟ್ಟಿ ಸಾಕು. ಗುಂಡಿ ಒತ್ತಿದರೆ ಐದು ಮೀಟರ್ ಬಿಚ್ಚಿಕೊಂಡು ಮತ್ತೆ ಒಳಗೆ ಸುತ್ತಿಕೊಳ್ಳುವ ಲೀಶ್ ಅನ್ನು ಊರಿಗೆ ತರಲೇಬೇಡಿ. ಅದರ ತೆಳು ದಾರ ಗಿಡಕ್ಕೆ, ಗೂಟಕ್ಕೆ, ದನದ ಕಾಲಿಗೆ ಸುತ್ತಿಕೊಳ್ಳುತ್ತದೆ. ಕೈಯಲ್ಲಿ ಹಿಡಿದೆಳೆದರೆ ಚರ್ಮ ಕೊಯ್ಯುತ್ತದೆ. ಕೈತಪ್ಪಿದರೆ ಪ್ಲಾಸ್ಟಿಕ್ ಡಬ್ಬಿ ಟಕಟಕ ಸದ್ದು ಮಾಡುತ್ತಾ ನಾಯಿಯ ಹಿಂದೆಯೇ ಎಗರಿಕೊಂಡು ಹೋಗಿ ನಾಯಿಯನ್ನೂ ದನವನ್ನೂ ಒಟ್ಟಿಗೆ ಹೆದರಿಸುತ್ತದೆ. ಸರಪಳಿಯೂ ಬೇಡ, ಅದರ ಸದ್ದೇ ಸಾಕು.

ಹಿಡಿಯುವ ರೀತಿ ಲೀಶಿಗಿಂತ ಮುಖ್ಯ. ಬಹಳ ಜನ ಕುಣಿಕೆಯನ್ನು ಮಣಿಕಟ್ಟಿಗೆ ತೂರಿಸಿ, ಮೇಲೆ ಎರಡು ಸುತ್ತು ಸುತ್ತಿಕೊಳ್ಳುತ್ತಾರೆ. ನಾಯಿ ಜಗ್ಗಿದಾಗ ಆ ಸುತ್ತು ಬಿಗಿಯುತ್ತದೆ, ಬಿಡಬೇಕೆಂದರೂ ಬಿಡಲಾಗುವುದಿಲ್ಲ. ಕುಣಿಕೆ ಅಂಗೈಯೊಳಗೆ ಮಡಿಚಿಕೊಂಡಿರಲಿ, ಬೆರಳು ಬಿಚ್ಚಿದ ಕೂಡಲೇ ಲೀಶ್ ಕೈಬಿಟ್ಟು ಹೋಗಬೇಕು. ಮನೆಯಲ್ಲೇ ಹತ್ತು ಸಲ ಬಿಟ್ಟು ನೋಡಿ, ಯಾವ ಬೆರಳಿಗೂ ಸಿಕ್ಕಿಕೊಳ್ಳದಂತೆ ರೂಢಿಯಾಗಲಿ.

ಸೊಂಟಕ್ಕೆ ಕಟ್ಟಿಕೊಳ್ಳುವ, ಓಡುವವರ ಬೆಲ್ಟ್ ಅಂತೂ ದನದ ಹತ್ತಿರ ಖಂಡಿತ ಬೇಡ. 2014ರಲ್ಲಿ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಪಿನ್ನಿಸ್ ಕಣಿವೆಯಲ್ಲಿ ನಾಯಿ ಜೊತೆ ನಡೆಯುತ್ತಿದ್ದ ಜರ್ಮನ್ ಮಹಿಳೆಯೊಬ್ಬರನ್ನು ಕರುಗಳಿದ್ದ ಹಸುಗಳ ಹಿಂಡು ತುಳಿದು ಕೊಂದಿತು. ಲೀಶ್ ಕೊಕ್ಕೆಯಿಂದ ಸೊಂಟಕ್ಕೆ ಬಿಗಿದಿತ್ತು. ಕೇಸು ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರಲ್ಲಿ ತಪ್ಪು ರೈತನದು ಅರ್ಧ, ನಡೆಯುತ್ತಿದ್ದವರದು ಅರ್ಧ ಎಂದು ಇತ್ಯರ್ಥವಾಯಿತು. ಕೇಸು ಇನ್ನೂ ನಡೆಯುತ್ತಿದ್ದಾಗಲೇ, 2019ರಲ್ಲಿ, ಆಸ್ಟ್ರಿಯಾ ಹುಲ್ಲುಗಾವಲಲ್ಲಿ ನಡೆಯುವವರಿಗೆ ಹತ್ತು ನಿಯಮಗಳನ್ನು ಪ್ರಕಟಿಸಿತು. ದನ ಮೇಲೆ ಬಂದರೆ ನಾಯಿಯನ್ನು ತಕ್ಷಣ ಬಿಟ್ಟುಬಿಡಿ ಎಂಬುದೂ ಅದರಲ್ಲಿದೆ.

ಲೀಶ್ ಬಿಡುವ ಸಂದರ್ಭ ಬರಬಹುದು ಎಂದ ಮೇಲೆ ನಾಯಿ ಕಳೆದುಹೋಗುವ ಸಂದರ್ಭವೂ ಬರಬಹುದು. ಕತ್ತಿನ ಬೆಲ್ಟಿಗೆ ನಿಮ್ಮ ಮೊಬೈಲ್ ನಂಬರ್ ಕೆತ್ತಿದ ಬಿಲ್ಲೆ ಹಾಕಿ. ಲೀಶ್ ಅನ್ನು ಕತ್ತಿನ ಬೆಲ್ಟಿಗಿಂತ ಬೆನ್ನ ಮೇಲೆ ಉಂಗುರ ಇರುವ ಹಾರ್ನೆಸ್‌ಗೆ ಸಿಕ್ಕಿಸುವುದು ಒಳ್ಳೆಯದು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಕತ್ತಿನ ಬೆಲ್ಟಿನಿಂದ ತಲೆ ತಪ್ಪಿಸಿಕೊಳ್ಳುವುದು ಬಲು ಸುಲಭ, ಅದೂ ಮುಧೋಳ ನಾಯಿಯಂಥ ಸಣ್ಣ ತಲೆ, ದಪ್ಪ ಕತ್ತಿನ ನಾಯಿ. ಹಾರ್ನೆಸ್ ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಮೂರು ಹೋದರೆ ಸಡಿಲ.

ಒಂದು ದೊಡ್ಡ ನಾಯಿಗೆ ಒಬ್ಬ ದೊಡ್ಡವರು. ಮಕ್ಕಳ ಕೈಗೆ ಲೀಶ್ ಕೊಟ್ಟು ಫೋಟೊ ತೆಗೆಯುವುದನ್ನು ಮನೆಯಂಗಳಕ್ಕೆ ಇಟ್ಟುಕೊಳ್ಳಿ.

ಹೊತ್ತು ನೋಡಿ ಹೊರಡಿ

ಬೆಳಗಿನ ಹಾಲು ಕರೆದು ದನ ಹೊರಬೀಳುವುದು ಬಹುತೇಕ ಊರುಗಳಲ್ಲಿ ಒಂಬತ್ತು, ಹತ್ತರ ಹೊತ್ತಿಗೆ. ಹಟ್ಟಿಗೆ ಮರಳುವುದು ಸಂಜೆ ಐದರಿಂದ ಆರೂವರೆ. ಬೇಸಿಗೆಯಲ್ಲಿ ಬಿಸಿಲಿಗೆ ಹೆದರಿ ಬೇಗ ಹೊಡೆದುಕೊಂಡು ಹೋಗುತ್ತಾರೆ. ನಾಯಿ ನಡೆಸಲು ಪ್ರಶಸ್ತ ಹೊತ್ತು ಬೆಳಿಗ್ಗೆ ಆರರಿಂದ ಎಂಟು.

ಕೆಟ್ಟ ಹೊತ್ತು ಗೋಧೂಳಿ. ಕರು ಕೊಟ್ಟಿಗೆಯಲ್ಲಿ ಕೂಗುತ್ತಿರುತ್ತದೆ, ತಾಯಿಯ ಕೆಚ್ಚಲು ತುಂಬಿ ಬಿಗಿದಿರುತ್ತದೆ, ಬೆಳಿಗ್ಗೆ ಆಮೆಯ ಹಾಗೆ ಹೋದ ಹಸು ಸಂಜೆ ಬಾಲ ಎತ್ತಿಕೊಂಡು ಓಡಿ ಬರುತ್ತದೆ. ಅದಕ್ಕೂ ಕೊಟ್ಟಿಗೆಗೂ ನಡುವೆ ನಿಮ್ಮ ನಾಯಿ ನಿಂತಿದ್ದರೆ, ಕರುವಿನ ಹತ್ತಿರ ತೋಳ ನಿಂತ ಹಾಗೆಯೇ ಲೆಕ್ಕ.

ಹಬ್ಬದ ದಿನಗಳದ್ದು ಬೇರೆ ಮಾತು. ಸಂಕ್ರಾಂತಿ ಸಂಜೆ ಮಂಡ್ಯ, ಮೈಸೂರು ಕಡೆ ದನಕ್ಕೆ ಕಿಚ್ಚು ಹಾಯಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಕಾರ ಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುತ್ತಾರೆ. ದೀಪಾವಳಿಯಿಂದ ಮುಂದಕ್ಕೆ ಹಾವೇರಿ, ಶಿಕಾರಿಪುರ, ಸೊರಬದ ಊರುಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆ ಒಂದಾದ ಮೇಲೊಂದು ನಡೆಯುತ್ತವೆ. ಆ ಹೋರಿಗಳಿಗೆ ಜನರ ನಡುವೆ ನುಗ್ಗಿ ಓಡುವುದನ್ನೇ ಕಲಿಸಿರುತ್ತಾರೆ. ಅಂಥ ದಿನ ಆ ಊರಿನ ರಸ್ತೆಯಲ್ಲಿ ನಾಯಿ ಬೇಡ, ಕಾರಿನೊಳಗೂ ಬೇಡ.

ಯಾವ ದನ, ಎಷ್ಟು ಜಾಗ್ರತೆ

ಕೊಂಬಿನ ಉದ್ದಕ್ಕೆ ಜನ ಹೆದರುತ್ತಾರೆ. ಹೆದರಬೇಕಾದದ್ದು ಕರುವಿನ ವಯಸ್ಸಿಗೆ. ಈದು ಒಂದು ತಿಂಗಳಾಗದ ಹಸು ಯಾವ ತಳಿಯದಾದರೂ ಎಲ್ಲಕ್ಕಿಂತ ಅಪಾಯ. ಬೇರೆ ದನ ಹೆದರಿದರೆ ಓಡುತ್ತದೆ, ಬಾಣಂತಿ ಹಸು ಹೆದರಿದರೆ ಎದುರಿಗೆ ಬರುತ್ತದೆ. ಕರು ಕಾಣುತ್ತಿಲ್ಲ ಎಂದು ಸಮಾಧಾನ ಪಡಬೇಡಿ. ಎಳೆಗರುವನ್ನು ತಾಯಿ ಪೊದೆ ಮರೆಯಲ್ಲೋ ಎತ್ತರದ ಹುಲ್ಲಿನಲ್ಲೋ ಮಲಗಿಸಿ ದೂರದಲ್ಲಿ ಮೇಯುತ್ತಿರುತ್ತದೆ, ನಿಮ್ಮ ನಾಯಿಯ ಮೂಗು ಸೀದಾ ಆ ಪೊದೆಗೇ ಹೋಗುತ್ತದೆ. ಹಸುವೊಂದು ಮೇಯದೆ ಒಂದೇ ಕಡೆ ಮತ್ತೆ ಮತ್ತೆ ನೋಡುತ್ತಾ ಸಣ್ಣ ದನಿಯಲ್ಲಿ ಹೂಂಕರಿಸುತ್ತಿದ್ದರೆ ಅದು ನೋಡುತ್ತಿರುವ ಕಡೆ ಕರು ಇದೆ. ಆ ಕಡೆ ಹೋಗಬೇಡಿ.

ಮಲೆನಾಡು ಗಿಡ್ಡ ನೋಡಲು ಚಿಕ್ಕದು, ಎತ್ತರ ಮನುಷ್ಯನ ಸೊಂಟದಷ್ಟು. ಚಿಕ್ಕದೆಂದು ಸದರ ಬೇಡ. ಕಾಡಿನಂಚಿನಲ್ಲಿ ಚಿರತೆ, ಸೀಳುನಾಯಿಗಳ ನಡುವೆ ಮೇಯುವ ತಳಿ ಇದು, ನಾಯಿ ಕಂಡರೆ ಹಿಂಡೇ ಒಟ್ಟಾಗುತ್ತದೆ, ಇಳಿಜಾರಿನಲ್ಲಿ ಮೇಕೆಯಂತೆ ನೆಗೆಯುತ್ತದೆ. ಎಚ್‌ಎಫ್, ಜರ್ಸಿಯಂಥ ವಿದೇಶಿ ಹಾಲಿನ ಹಸುಗಳ ಮಿಶ್ರತಳಿಗಳಿಗೆ ಹೆಚ್ಚಿನ ಕಡೆ ಎಳವೆಯಲ್ಲೇ ಕೊಂಬು ಸುಟ್ಟಿರುತ್ತಾರೆ, ಸ್ವಭಾವವೂ ಸಾಧು. ಆದರೆ ನಾಲ್ಕೈದು ನೂರು ಕಿಲೋ ತೂಕ ತಲೆಯಿಂದ ಗುದ್ದಿ ಗೋಡೆಗೆ ಒತ್ತಿದರೆ ಪಕ್ಕೆಲುಬು ಮುರಿಯಲು ಕೊಂಬೇ ಬೇಕಿಲ್ಲ. ಹಳ್ಳಿಕಾರ್ ಎತ್ತುಗಳು ಚುರುಕು, ಹೊಸಬರನ್ನು ಬೇಗ ನಂಬುವುದಿಲ್ಲ. ಅಮೃತಮಹಲ್ ಇನ್ನೂ ಒಂದು ಕೈ ಮೇಲು. ಮೈಸೂರು ಅರಸರ ಬೆಣ್ಣೆ ಚಾವಡಿಯ (ಅರಮನೆಯ ದನಗಳ ಇಲಾಖೆ) ಕಾಲದಿಂದ ಕಾವಲುಗಳಲ್ಲಿ (ಮೀಸಲು ಹುಲ್ಲುಗಾವಲು) ಅರ್ಧ ಕಾಡುದನಗಳಂತೆ ಬೆಳೆದ, ದಂಡಿನ ಸಾಮಾನು ಎಳೆಯಲು ಬಳಸಿದ ತಳಿ ಅದು. ಅಜ್ಜಂಪುರ, ಬೀರೂರು ಸುತ್ತಿನ ಕಾವಲುಗಳೊಳಗೆ ನಾಯಿ ಕರೆದುಕೊಂಡು ಹೋಗುವ ಯೋಚನೆಯೇ ಬೇಡ.

ಎಮ್ಮೆ ನಿಧಾನ ಎನ್ನುವುದು ಅರ್ಧ ಸತ್ಯ. ಅದು ಬೇಗ ಓಡಿಹೋಗುವುದಿಲ್ಲ, ತಿರುಗಿ ನಿಂತು ಮೂಗು ಎತ್ತಿ ನೋಡುತ್ತದೆ. ಜೊತೆಯವೂ ಒಂದೊಂದಾಗಿ ಬಂದು ಸಾಲಾಗಿ ನಿಲ್ಲುತ್ತವೆ. ಆ ಸಾಲು ಕಂಡರೆ ಹಿಂದೆ ಸರಿಯಿರಿ. ಎಮ್ಮೆ ಮಲಗಿರುವ ಕೆರೆಗೆ ನಾಯಿಯನ್ನು ಈಜಲು ಬಿಡಬೇಡಿ.

ಮಣಕ (ಇನ್ನೂ ಈಯದ ಎಳೆ ಹಸು), ಹೋರಿಗರುಗಳದ್ದು ಹುಡುಗಾಟ. ಹಾಯುವ ಉದ್ದೇಶ ಇರುವುದಿಲ್ಲ, ಕುತೂಹಲಕ್ಕೆ ಹಿಂದೆ ಹಿಂದೆ ಬರುತ್ತವೆ, ನೀವು ಓಡಿದರೆ ಅವೂ ಓಡುತ್ತವೆ, ನಿಂತು ತಿರುಗಿದರೆ ನಿಲ್ಲುತ್ತವೆ. ಇವುಗಳಿಗೆ ಕೈ ಅಗಲಿಸಿ, ಗಟ್ಟಿ ದನಿಯಲ್ಲಿ 'ಹೋಯ್' ಅಂದರೆ ಸಾಕು. ದೇವರಿಗೆ ಬಿಟ್ಟ ಬಸವ ಪೇಟೆ ಬೀದಿಯಲ್ಲಿ ಸಾಧುವಾಗಿದ್ದರೂ ಬೆದೆಗೆ ಬಂದ ಹಸುವಿನ ಹಿಂದೆ ಇದ್ದಾಗ ಅದರ ದಾರಿಗೆ ಯಾರೂ ಅಡ್ಡ ಬರಬಾರದು.

ಒಂದು ಗುರುತು ಎಲ್ಲರಿಗೂ ಉಪಯೋಗ: ಕುತ್ತಿಗೆಗೆ ಮರದ ದಿಮ್ಮಿ ನೇತು ಹಾಕಿದ್ದರೆ, ಅಥವಾ ಕೊಂಬಿನಿಂದ ಮುಂಗಾಲಿಗೆ ಹಗ್ಗ ಬಿಗಿದಿದ್ದರೆ, ಆ ದನ ತುಡುಗು ಇಲ್ಲವೇ ಹಾಯುವಂಥದ್ದು ಎಂದು ಅದರ ಯಜಮಾನರೇ ಬರೆದು ಹಾಕಿದ ಬೋರ್ಡು ಅದು.

ಕೇಳಿ, ಆಮೇಲೆ ದಾಟಿ

ಹಿಂಡಿನ ಸುತ್ತಮುತ್ತ ದನ ಕಾಯುವವರು ಇದ್ದೇ ಇರುತ್ತಾರೆ, ಮರದ ನೆರಳಲ್ಲೋ ಬಂಡೆಯ ಮೇಲೋ. ಐವತ್ತು ಮೀಟರ್ ದೂರದಲ್ಲೇ ನಿಂತು ಕೂಗಿ ಕೇಳಿ: 'ಅಣ್ಣಾ, ಯಾವುದಾದ್ರೂ ಹಾಯುತ್ತಾ? ಕರು ಹಾಕಿದ್ದು ಇದ್ಯಾ? ಯಾವ ಕಡೆಯಿಂದ ಹೋಗ್ಲಿ?' ಈ ಮೂರು ಪ್ರಶ್ನೆ ಸಾಕು. 'ಆ ಕೆಂದ ಹತ್ರ ಹೋಗ್ಬೇಡಿ, ಕೆರೆ ಕಡೆಯಿಂದ ಬನ್ನಿ' ಎಂದು ಅವರು ಹೇಳುವ ಒಂದು ಮಾತು ಈ ಇಡೀ ಲೇಖನಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಬಹಳ ಸಲ ಅವರೇ ಎದ್ದು ಬಂದು ದನ ಒತ್ತರಿಸಿ ದಾರಿ ಮಾಡಿಕೊಡುತ್ತಾರೆ.

ಕೇಳಲು ಯಾರೂ ಇಲ್ಲದಿದ್ದರೆ ಹೀಗೆ ದಾಟಿ:

1. ಹಿಂಡು ಕಂಡ ಕೂಡಲೇ ನಿಲ್ಲಿ. ತಪ್ಪಿಸಿಕೊಳ್ಳುವ ಜಾಗ ಮೊದಲು ಹುಡುಕಿ: ಕಲ್ಲುಗೋಡೆ, ದಪ್ಪ ಮರ, ನಿಂತ ಟ್ರ್ಯಾಕ್ಟರ್, ಕಾಲುವೆಯ ಆಚೆ ದಡ. ಯಾವುದೂ ಇಲ್ಲದ ಬಯಲಾದರೆ ಬಂದ ದಾರಿಯಲ್ಲೇ ಹಿಂತಿರುಗಿ.

2. ಲೀಶ್ ಗಿಡ್ಡ ಮಾಡಿ ನಾಯಿಯನ್ನು ನಿಮ್ಮ ತೊಡೆಯ ಪಕ್ಕಕ್ಕೆ ತನ್ನಿ, ದನ ಇರುವ ಕಡೆಗೆ ನಿಮ್ಮ ಮೈ, ಆಚೆ ಪಕ್ಕ ನಾಯಿ. ಸಣ್ಣ ನಾಯಿಯಾದರೆ ಎತ್ತಿಕೊಳ್ಳುವುದಿದ್ದರೆ ಈಗಲೇ, ದನ ಇನ್ನೂ ಮೇಯುತ್ತಿರುವಾಗ. ದನ ನುಗ್ಗಿ ಬರುತ್ತಿರುವಾಗ ಎತ್ತಿಕೊಂಡರೆ ಗುರಿಯನ್ನು ನಿಮ್ಮ ಎದೆಯ ಮಟ್ಟಕ್ಕೆ ತಂದುಕೊಂಡಂತೆ.

3. ಹಿಂಡಿನ ಮಧ್ಯೆ ಸಂದಿ ಕಂಡರೂ ಅಲ್ಲಿ ತೂರಬೇಡಿ. ತಾಯಿ ಒಂದು ಕಡೆ, ಕರು ಇನ್ನೊಂದು ಕಡೆ ಇರುವುದು ಅಂಥ ಸಂದಿಯಲ್ಲೇ. ಹೊರಗಿನಿಂದ ಬಳಸಿ, ಕರುಗಳಿದ್ದರೆ ಕನಿಷ್ಠ ಐವತ್ತು ಮೀಟರ್, ಬರೀ ದೊಡ್ಡ ದನಗಳಾದರೆ ಇಪ್ಪತ್ತು ಮೀಟರ್ ಅಂತರದಲ್ಲಿ.

4. ದನಕ್ಕೆ ಕಾಣುವಂತೆ ಹೋಗಿ. ಅದರ ಕಣ್ಣು ತಲೆಯ ಎರಡು ಪಕ್ಕದಲ್ಲಿ ಇರುವುದರಿಂದ ಸುತ್ತಲೂ ಕಾಣುತ್ತದೆ, ನೇರ ಬೆನ್ನ ಹಿಂದೆ ಮಾತ್ರ ಕಾಣುವುದಿಲ್ಲ. ಅಲ್ಲಿಂದ ಹೋದರೆ ಹೆಜ್ಜೆ ಸದ್ದಿಗೆ ಬೆಚ್ಚಿ ಒದೆಯುತ್ತದೆ ಇಲ್ಲವೇ ಗಕ್ಕನೆ ತಿರುಗುತ್ತದೆ. ಮೆಲ್ಲಗೆ ಮಾತನಾಡುತ್ತಾ ನಡೆಯಿರಿ.

5. ಓಡಬೇಡಿ, ನಿಂತು ಫೋಟೊ ತೆಗೆಯಬೇಡಿ, ಕಣ್ಣಿನಲ್ಲಿ ಕಣ್ಣಿಟ್ಟು ನೋಡುತ್ತಾ ನಿಲ್ಲಬೇಡಿ. ಬೊಗಳುವ ನಾಯಿಯನ್ನು ಗದರಿಸಿದರೆ ಗದ್ದಲ ಎರಡರಷ್ಟಾಗುತ್ತದೆ. ಜೇಬಿನಲ್ಲಿ ಬಿಸ್ಕತ್ತು ಇಟ್ಟುಕೊಂಡು ಅದರ ಮೂಗಿನ ಮುಂದೆ ಹಿಡಿದು ನಡೆಸಿ.

ಕೋಲು ಹಿಡಿಯಬೇಕೆ? ನಾಲ್ಕಡಿಯ ಕೋಲು ಒಳ್ಳೆಯದು, ನಮ್ಮ ಕಡೆಯ ದನಗಳಿಗೆ ಕೋಲಿನ ಅರ್ಥ ಗೊತ್ತು. ತುದಿ ನೆಲದ ಕಡೆ ಇರಲಿ. ಹಿಂದೆ ಬರುವ ಮಣಕಗಳಿಗೆ ಅಡ್ಡ ಹಿಡಿದು ನೆಲಕ್ಕೆ ಬಡಿದರೆ ಸಾಕು. ಬಾಣಂತಿ ಹಸುವಿಗೆ ಎತ್ತಿ ತೋರಿಸಿದರೆ ಮಾತ್ರ ಅದು ಜಗಳಕ್ಕೆ ಕರೆದಂತೆ.

ಗೂಟಕ್ಕೆ ಕಟ್ಟಿದ ಹಸು

ಬಯಲುಸೀಮೆಯಲ್ಲಿ ಕೆರೆಯಂಗಳ, ರಸ್ತೆ ಬದಿ, ಬದುಗಳ ಮೇಲೆ ದನ ಕಟ್ಟಿರುತ್ತಾರೆ. ಕಟ್ಟಿದೆಯಲ್ಲ ಎಂಬ ಧೈರ್ಯದಿಂದಲೇ ಜನ ಹತ್ತಿರ ಹೋಗುತ್ತಾರೆ. ಲೆಕ್ಕ ಹೀಗಿದೆ: ಹಗ್ಗ ನಾಲ್ಕು ಮೀಟರ್ ಎಂದರೆ ಹಸುವಿನ ತಲೆ ಗೂಟದಿಂದ ನಾಲ್ಕು ಮೀಟರ್ ಬರುತ್ತದೆ. ಅದರಾಚೆ ಮೈ ಎರಡು ಮೀಟರ್, ಹಿಂಗಾಲು ಅಲ್ಲಿಯವರೆಗೆ ಒದೆಯುತ್ತದೆ. ನಿಮ್ಮ ಲೀಶ್ ಇನ್ನೆರಡು. ಒಟ್ಟು ಎಂಟು ಮೀಟರ್ ಒಳಗೆ ಕಾಲಿಡಬಾರದು. ಹಗ್ಗದ ಉದ್ದ ಕಾಣದಿದ್ದರೆ ನೆಲ ನೋಡಿ. ಬೆಳಗ್ಗಿನಿಂದ ಮೇದ ಜಾಗದಲ್ಲಿ ಹುಲ್ಲು ಬೋಳಾಗಿ ಒಂದು ಗುಂಡು ಗೆರೆ ಬಿದ್ದಿರುತ್ತದೆ, ಅದರಂಚು ಹಸುವಿನ ಬಾಯಿ ಮುಟ್ಟುವ ಕೊನೆ. ಮಧ್ಯಾಹ್ನ ಗೂಟ ಬದಲಿಸಿದ್ದರೆ ಈ ಗೆರೆ ಸುಳ್ಳು ಹೇಳುತ್ತದೆ, ಆದ್ದರಿಂದ ಗೂಟ ಗೆರೆಯ ನಡುವೆಯೇ ಇದೆಯೇ ಎಂದೂ ನೋಡಿ.

ಮಳೆಗಾಲದಲ್ಲಿ ಗೂಟವನ್ನೂ ನಂಬಬೇಡಿ. ನೆಂದ ಎರೆಮಣ್ಣಿನಲ್ಲಿ ಹಸು ಎರಡು ಸಲ ಜಗ್ಗಿದರೆ ಗೂಟ ಬೆಣ್ಣೆಯಿಂದ ಬಂದಂತೆ ಬರುತ್ತದೆ. ಆಮೇಲೆ ಹಸುವಿನ ಹಿಂದೆ ಹಗ್ಗ, ಹಗ್ಗದ ಕೊನೆಯಲ್ಲಿ ಎಗರುವ ಗೂಟ. ದಾರಿಗೆ ಅಡ್ಡ ಬಿದ್ದ ಸಡಿಲ ಹಗ್ಗವನ್ನೂ ದಾಟಬೇಡಿ, ಹಸು ಒಮ್ಮೆ ಸರಿದರೆ ಅದು ಮೊಣಕಾಲ ಮಟ್ಟದಲ್ಲಿ ತಂತಿಯಂತೆ ಬಿಗಿಯುತ್ತದೆ. ನಾಯಿಯ ಲೀಶ್, ಹಸುವಿನ ಹಗ್ಗ ಒಂದಕ್ಕೊಂದು ಹೆಣೆದುಕೊಂಡರೆ ಬಿಡಿಸಲು ಕೈ ಹಾಕಬೇಡಿ, ಬೆರಳು ಹೋಗುತ್ತದೆ. ಲೀಶ್ ಬಿಟ್ಟು ನಾಯಿಯನ್ನು ಕರೆಯಿರಿ.

ಓಣಿ, ಏರಿ, ದಣಪೆ

ಎರಡು ಕಡೆ ಬೇಲಿ ಇರುವ ಓಣಿಯಲ್ಲಿ ಹಿಂಡು ಎದುರಾದರೆ ನುಗ್ಗಬೇಡಿ, ಹಿಂದೆ ಹೋಗಿ ಯಾವುದಾದರೂ ಮನೆಯ ಜಗಲಿ, ಗೇಟು, ತೋಟದ ಬಾಯಿಗೆ ಸರಿದು ನಿಲ್ಲಿ. ನಾಯಿಯನ್ನು ಗೋಡೆ ಕಡೆ ಕೂರಿಸಿ ನೀವು ಅದಕ್ಕೆ ಮರೆಯಾಗಿ ನಿಂತರೆ ಹಿಂಡು ತನ್ನ ಪಾಡಿಗೆ ಹೋಗುತ್ತದೆ. ಕೊನೆಯ ದನ ಹೋಯಿತೆಂದು ಕೂಡಲೇ ಹೊರಡಬೇಡಿ, ಹಿಂದೆ ಬಿದ್ದ ಒಂದು ಕರು ಯಾವಾಗಲೂ ಇರುತ್ತದೆ. ಕಾಲುವೆ ಏರಿಯ ಮೇಲಾದರೆ ನೀರಿನ ಕಡೆ ಸರಿಯಬೇಡಿ, ಗದ್ದೆಯ ಕಡೆ ಇಳಿಯಿರಿ. ನಾಟಿ ತುಳಿದರೆ ಬೈಗುಳ ಬೀಳುತ್ತದೆ, ಬೀಳಲಿ.

ಮಲೆನಾಡಿನಲ್ಲಿ ಬೇಣ (ಹುಲ್ಲುಗಾವಲು), ತೋಟಗಳ ಬಾಯಿಗೆ ದಣಪೆ ಇರುತ್ತದೆ, ಕೆಲವು ಕಡೆ ಉಣಗೋಲು ಎನ್ನುತ್ತಾರೆ: ಎರಡು ಕಂಬಗಳ ತೂತಿಗೆ ಅಡ್ಡ ತೂರಿಸಿದ ಮೂರು ನಾಲ್ಕು ಗಳ. ಆಚೆ ಬದಿಯಲ್ಲಿ ದನ ಇಲ್ಲವೆಂದು ನೋಡಿಕೊಂಡು ಕೆಳಗಿನ ಒಂದು ಗಳ ಮಾತ್ರ ಸರಿಸಿ ನಾಯಿಯನ್ನು ತೂರಿಸಿ, ನೀವು ಮೇಲಿಂದ ದಾಟಿ, ಗಳ ಮೊದಲಿನ ತೂತಿಗೇ ವಾಪಸು ಹಾಕಿ. ಎಲ್ಲ ಗಳ ತೆಗೆದು ನಾಯಿಯ ಜೊತೆ ಹೆಣಗುತ್ತಾ ನಿಂತರೆ ಅಷ್ಟರಲ್ಲಿ ನಾಲ್ಕು ದನ ಅಡಿಕೆ ಸಸಿ ಮೇಯಲು ಹೊರಟಿರುತ್ತವೆ. ಮುಚ್ಚಿದ್ದನ್ನು ಮುಚ್ಚಿ, ತೆರೆದಿದ್ದನ್ನು ತೆರೆದೇ ಬಿಡಿ.

ಐಬೆಕ್ಸ್ ಎಂದು ಜನ ಕರೆಯುವ ಸೋಲಾರ್ ಬೇಲಿ ನಾಯಿಯ ಒದ್ದೆ ಮೂಗಿಗೆ ತಾಗಿದರೆ ಪ್ರಾಣಕ್ಕೆ ಅಪಾಯ ಇಲ್ಲ. ಆದರೆ ಕಿರುಚಿ ಗೊತ್ತುಗುರಿಯಿಲ್ಲದೆ ಓಡುತ್ತದೆ, ಓಡುವ ದಿಕ್ಕು ದನದ ಕಡೆಯೇ ಇರಬಹುದು.

ಮೇಲೆ ಬರುವ ಮುಂಚಿನ ಸೂಚನೆ

ದನ ಏಕಾಏಕಿ ನುಗ್ಗುವುದು ಕಡಿಮೆ. ಮೊದಲು ಮೇಯುವುದು ಬಿಡುತ್ತದೆ, ತಲೆ ಎತ್ತಿ ದಿಟ್ಟಿಸುತ್ತದೆ. ಆಮೇಲೆ ತಲೆ ತಗ್ಗಿಸಿ ಗದ್ದ ಒಳಕ್ಕೆ ಎಳೆದುಕೊಂಡು ಹಣೆ ಮುಂದೆ ಮಾಡುತ್ತದೆ, ಬುಸ್ ಎಂದು ಉಸಿರು ಬಿಡುತ್ತದೆ, ಮುಂಗಾಲಿನಿಂದ ಮಣ್ಣು ಕೆದರಿ ಬೆನ್ನ ಮೇಲೆ ಎರಚಿಕೊಳ್ಳುತ್ತದೆ. ಗೂಳಿಯಾದರೆ ಇನ್ನೊಂದು ಇದೆ: ಗುಟುರು ಹಾಕುತ್ತಾ ಬೆನ್ನು ಉಬ್ಬಿಸಿ ಅಡ್ಡಕ್ಕೆ ನಿಂತು ತನ್ನ ಪೂರ್ತಿ ಗಾತ್ರ ತೋರಿಸುತ್ತದೆ. ಮುಖ ತಿರುಗಿಸಿದೆ, ಹೋಗುತ್ತಿದೆ ಎಂದು ಜನ ಮೋಸ ಹೋಗುವುದು ಇಲ್ಲೇ. ಅಡ್ಡ ನಿಂತ ಗೂಳಿ ಕೊನೆಯ ಎಚ್ಚರಿಕೆ ಕೊಡುತ್ತಿರುತ್ತದೆ. ಅದರ ಕಡೆ ಮುಖ ಇಟ್ಟುಕೊಂಡೇ ಹಿಂದೆ ಹಿಂದೆ ಹೆಜ್ಜೆ ಹಾಕಿ, ಇಪ್ಪತ್ತು ಮೀಟರ್ ಆಚೆ ಹೋದ ಮೇಲೆ ತಿರುಗಿ.

ಹಾಯಲು ಬಂದೇಬಿಟ್ಟರೆ

ಲೀಶ್ ಬಿಡಿ. ಯೋಚನೆ ಮಾಡಲು ಹೊತ್ತಿರುವುದಿಲ್ಲ, ಅದಕ್ಕೇ ಮನೆಯಲ್ಲಿ ಅಭ್ಯಾಸ ಮಾಡಲು ಹೇಳಿದ್ದು. ಮುದಿ, ಕುಂಟು ನಾಯಿ ಬಿಟ್ಟರೆ ಹೆಚ್ಚಿನ ನಾಯಿಗಳು ಹಸುವಿಗಿಂತ ಜೋರಾಗಿ ಓಡುತ್ತವೆ, ಚಂಗನೆ ತಿರುಗುತ್ತವೆ. ನೀವು ಎರಡನ್ನೂ ಮಾಡಲಾರಿರಿ. 2009ರಲ್ಲಿ ಬ್ರಿಟನ್ನಿನ ಮಾಜಿ ಗೃಹ ಸಚಿವ, ಅಂಧರಾದ ಡೇವಿಡ್ ಬ್ಲಂಕೆಟ್ ಅವರ ಮೇಲೆ ಡರ್ಬಿಶೈರ್‌ನಲ್ಲಿ ಕರುವಿದ್ದ ಹಸು ನುಗ್ಗಿ ಪಕ್ಕೆಲುಬು ಮುರಿದಾಗಲೂ ಜೊತೆಗಿದ್ದದ್ದು ನಾಯಿ, ಅದೂ ಶಿಸ್ತಿನ ತರಬೇತಿ ಪಡೆದ ಮಾರ್ಗದರ್ಶಿ ನಾಯಿ. ನಾಯಿಯ ಒಳ್ಳೆಯ ನಡತೆ ಹಸುವಿಗೆ ಲೆಕ್ಕಕ್ಕಿಲ್ಲ.

ಬಿಟ್ಟ ಮೇಲೆ ನಾಯಿಯ ದಿಕ್ಕಿಗೆ ಹೋಗದೆ ಪಕ್ಕಕ್ಕೆ ಸರಿದು ಮೊದಲೇ ನೋಡಿಟ್ಟ ಮರ, ಗೋಡೆ, ಗಾಡಿಯ ಮರೆ ಸೇರಿ. ಮರ ಹತ್ತಲು ಹೋಗಬೇಡಿ, ಕಾಂಡದ ಸುತ್ತ ನಡೆದು ಅದನ್ನು ಮಧ್ಯಕ್ಕಿಟ್ಟುಕೊಂಡರೆ ಸಾಕು. ನೇರ ಗೆರೆಯಲ್ಲಿ ಓಡಿದರೆ ಎಷ್ಟು ಓಡಿದರೂ ದನ ಹಿಡಿಯುತ್ತದೆ. ಕೈಯಲ್ಲಿರುವ ಟವೆಲ್, ಬ್ಯಾಗು ಅದರ ಮುಖದ ಕಡೆ ಎಸೆದರೆ ಒಂದೆರಡು ಕ್ಷಣ ಸಿಗುತ್ತದೆ. ಕೆಳಗೆ ಬಿದ್ದರೆ ಎರಡೂ ತೋಳಿನಿಂದ ತಲೆ, ಕತ್ತು ಮುಚ್ಚಿಕೊಂಡು ಮೊಣಕಾಲು ಹೊಟ್ಟೆಗೆ ಎಳೆದುಕೊಂಡು ಬದುವಿನ ಕಡೆಗೋ ಚರಂಡಿಗೋ ಉರುಳಿ. ಜೊತೆಗೆ ಇರುವವರು ಹತ್ತಿರ ಬಂದು ಎಳೆಯುವ ಬದಲು ಪಕ್ಕದಿಂದ ಕೂಗಿ, ಬಟ್ಟೆ ಬೀಸಿ ದನದ ಗಮನ ಸೆಳೆಯಲಿ.

ನಾಯಿಯನ್ನು ತರಲು ವಾಪಸು ಹೋಗಬೇಡಿ. ಸುರಕ್ಷಿತ ಜಾಗದಿಂದ ಕೂಗಿ ಕರೆಯಿರಿ, ಅದು ಬರುವ ದಾರಿಗೂ ನಿಮಗೂ ನಡುವೆ ಬೇಲಿ ಅಥವಾ ಗೋಡೆ ಇರಲಿ, ಇಲ್ಲದಿದ್ದರೆ ಹಸುವನ್ನೂ ಜೊತೆಗೆ ಕರೆತರುತ್ತದೆ.

ಏಟು ಬಿದ್ದಿದ್ದರೆ

ಕೊಂಬಿನ ಗಾಯದ ಬಾಯಿ ಚಿಕ್ಕದು, ಆಳ ಹೆಚ್ಚು. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆ ಮಡಿಚಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನೆಂದರೆ ಅದರ ಮೇಲೆ ಇನ್ನೊಂದು ಇಡಿ, ಮೊದಲನೆಯದನ್ನು ಕೀಳಬೇಡಿ. ಅರಿಸಿನ, ಕಾಫಿಪುಡಿ ತುಂಬಬೇಡಿ. ಹೊಟ್ಟೆಯಿಂದ ಕರುಳು ಕಾಣುತ್ತಿದ್ದರೆ ಒಳಗೆ ತಳ್ಳದೆ ಒದ್ದೆಯಾದ ಶುಭ್ರ ಬಟ್ಟೆ ಮುಚ್ಚಿ. ಕುಡಿಯಲು ಏನೂ ಕೊಡಬೇಡಿ. 108ಕ್ಕೆ ಕರೆ ಮಾಡಿ. ಚರ್ಮ ಹರಿಯದೆ ಬರೀ ಗುದ್ದಿದ್ದರೂ ಹೊಟ್ಟೆಗೆ, ಪಕ್ಕೆಗೆ ಏಟು ಎಂದರೆ ಆಸ್ಪತ್ರೆಗೆ ಹೋಗಲೇಬೇಕು. ಗುಲ್ಮ, ಯಕೃತ್ತು ಒಡೆದು ಒಳಗೇ ರಕ್ತ ಸೋರುತ್ತಿದ್ದರೂ ಮೊದಲ ಕೆಲವು ಗಂಟೆ ಮನುಷ್ಯ ಎದ್ದು ಓಡಾಡುತ್ತಿರುತ್ತಾನೆ. ಧನುರ್ವಾಯು ಚುಚ್ಚುಮದ್ದು ಮರೆಯಬೇಡಿ, ಗಾಯಕ್ಕೆ ಸಗಣಿ ಮಣ್ಣು ತಾಗಿರುತ್ತದೆ. ನಾಯಿಗೂ ಇದೇ ಮಾತು: ಒಸಡು ಬಿಳಿಚಿಕೊಂಡಿದ್ದರೆ, ಹೊಟ್ಟೆ ಬಿಗಿದಿದ್ದರೆ ಹೊರಗೆ ಗಾಯ ಕಾಣದಿದ್ದರೂ ತಕ್ಷಣ ಪಶುವೈದ್ಯರ ಬಳಿ ಒಯ್ಯಿರಿ.

ನಿಮ್ಮ ನಾಯಿಯೇ ಕರುವನ್ನು ಕಚ್ಚಿದರೆ ಜಾಗ ಬಿಟ್ಟು ಹೋಗಬೇಡಿ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಲು ಹೇಳಿ, ತೊಳೆಯುವವರ ಕೈಗೆ ಗ್ಲೌಸ್ ಇರಲಿ. ನಾಯಿಗೆ ರೇಬಿಸ್ ಲಸಿಕೆ ಆಗಿದೆಯೇ ಇಲ್ಲವೇ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ, ಲಸಿಕೆ ಕಾರ್ಡಿನ ಫೋಟೊ ಮೊಬೈಲಿನಲ್ಲಿ ಸದಾ ಇರಲಿ. ಪಶು ಚಿಕಿತ್ಸಾ ವಾಹನಕ್ಕೆ 1962 ನಂಬರ್ ಇದೆ. ಅಟ್ಟಾಡಿಸಿದ ಹಸು ಗಬ್ಬದ್ದಾಗಿದ್ದರೆ, ಕಚ್ಚದಿದ್ದರೂ ಕರು ಹೋಗಬಹುದು. ಚಿಕಿತ್ಸೆ, ನಷ್ಟದ ಖರ್ಚು ನಿಮ್ಮದೇ ಎಂದು ಮೊದಲೇ ಒಪ್ಪಿಕೊಂಡು ಕೂತು ಮಾತಾಡಿ. ಹಾಲು ಮಾರಿ ಬದುಕುವ ಮನೆಗೆ ಒಂದು ಹಸು ಎಂದರೆ ತಿಂಗಳ ಸಂಬಳ. ಸಾಕುಪ್ರಾಣಿಯಿಂದ ಆಗುವ ಅಪಾಯ ತಡೆಯದ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ.

ಮನೆಗೆ ಬಂದ ಮೇಲೆ

ದನ ಓಡಾಡುವ ದಾರಿಯಲ್ಲಿ ಉಣ್ಣೆ ಇರುತ್ತದೆ, ಮಲೆನಾಡಿನವರ ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇದರಿಂದಲೇ, ದೊಡ್ಡ ಉಣ್ಣೆ ರಕ್ತ ಹೀರಿ ಸಂಖ್ಯೆ ಹೆಚ್ಚಿಸಿಕೊಳ್ಳುವುದು ದನದ ಮೈಮೇಲೆ. ಡಿಸೆಂಬರಿನಿಂದ ಮೇವರೆಗೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನಲ್ಲಿ ಒಣ ಎಲೆಗಳ ಮೇಲೆ ನಾಯಿ ನಡೆಸಬೇಡಿ. ಹೋಗಲೇಬೇಕಾದರೆ ಉದ್ದ ಪ್ಯಾಂಟು, ಕಾಲುಚೀಲದೊಳಗೆ ಅದರ ತುದಿ, ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ. ಆ ಎಣ್ಣೆ ಮನುಷ್ಯರಿಗೆ. ನಾಯಿಗೆ ಹಚ್ಚಬೇಡಿ, ಅದಕ್ಕೆ ವೈದ್ಯರು ಕೊಡುವ ಉಣ್ಣೆ ಮಾತ್ರೆಯೋ ಹನಿಯೋ ಹೊರಡುವ ಮುಂಚೆಯೇ ಆಗಿರಲಿ. ಬಂದ ಕೂಡಲೇ ಕಿವಿಯ ಒಳಗೆ, ಬೆರಳ ಸಂದಿ, ಕಂಕುಳು, ಬಾಲದ ಬುಡ ನೋಡಿ. ಕಚ್ಚಿದ ಉಣ್ಣೆಯನ್ನು ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಬೆರಳಲ್ಲಿ ಹೊಸಕಬೇಡಿ.

ಇನ್ನೊಂದು ಆಲದ ಮರದ ವಿಚಾರ. ಹಸು ಈದ ಮೇಲೆ ಬೀಳುವ ಕಸವನ್ನು (ಮಾಸು) ಹುಲ್ಲಿನಲ್ಲಿ ಸುತ್ತಿ ಹಾಲುಬರುವ ಮರಕ್ಕೆ, ಹೆಚ್ಚಾಗಿ ಆಲಕ್ಕೆ, ಕಟ್ಟುವ ರೂಢಿ ಹಲವು ಊರುಗಳಲ್ಲಿ ಇದೆ. ಬಿಳಲುಗಳ ನಡುವೆ ಒಣಗಿದ ಹುಲ್ಲಿನ ಗಂಟುಗಳು ಸಾಲಾಗಿ ನೇತಾಡುತ್ತಿದ್ದರೆ ಅದೇ. ವಾಸನೆಗೆ ನಾಯಿ ಅಲ್ಲಿ ಹುಚ್ಚಾಗುತ್ತದೆ, ಬಿದ್ದದ್ದನ್ನು ಗಬಕ್ಕನೆ ನುಂಗುತ್ತದೆ. ಹಸಿ ಕಸದಿಂದ ನಾಯಿಗೆ ನಿಯೋಸ್ಪೊರಾ ಎಂಬ ಪರೋಪಜೀವಿ ಅಂಟಬಹುದು, ಅದು ನಾಯಿಯ ಕಕ್ಕದಿಂದ ಹುಲ್ಲಿಗೆ ಬಿದ್ದು ಮೇಯುವ ಹಸುಗಳಲ್ಲಿ ಗರ್ಭಪಾತ ಮಾಡಿಸುತ್ತದೆ. ಗದ್ದೆ, ಹುಲ್ಲುಗಾವಲಲ್ಲಿ ನಿಮ್ಮ ನಾಯಿ ಮಾಡಿದ್ದನ್ನು ಚೀಲದಲ್ಲಿ ಎತ್ತಿಕೊಂಡು ಬನ್ನಿ. ಹಳ್ಳಿಯವರು ನೋಡಿ ನಗುತ್ತಾರೆ. ಏಕೆಂದು ಒಮ್ಮೆ ಹೇಳಿ, ಮರುದಿನ ಯಾವ ಹಸು ಹಾಯುತ್ತದೆಂದು ನೀವು ಕೇಳುವ ಮುಂಚೆ ಅವರೇ ಹೇಳುತ್ತಾರೆ.